ಎದೆಗೆ ಕಟ್ಟಿದ ಕೂಸು

ನರ್ಸ್ ಬಿ.ಪಿ. ನೋಡುವ ಪಟ್ಟಿಯನ್ನು ನನ್ನ ತೋಳಿನಿಂದ ಬಿಚ್ಚಿದಳು. ಒಮ್ಮೆ ನನ್ನ ಮುಖ ನೋಡಿದಳು. ಮತ್ತೆ ಕಟ್ಟಿದಳು.

"ಮತ್ಯಾಕ್ರಿ?" ಎಂದೆ.

"ಏನಿಲ್ರಿ, ಮಷಿನ್ ಬರೋಬ್ಬರಿ ಇಲ್ಲ ಕಾಣಿಸ್ತೈತಿ."

ಮಷಿನ್ ಬರೋಬ್ಬರಿ ಇತ್ತು, ಬರೋಬ್ಬರಿ ಇಲ್ಲದವಳು ನಾನು. ಎರಡನೇ ಸಲ ಕಟ್ಟಿದರೆ ಏನರ್ಥ ಎಂದು ನನಗೆ ಗೊತ್ತಿತ್ತು. ನಾನು ಹುಬ್ಬಳ್ಳಿಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ಆದರೆ ಇದನ್ನು ಪುಸ್ತಕದಿಂದ ಕಲಿತವಳಲ್ಲ. ಕೊರೊನಾಕ್ಕೂ ಮೊದಲು ಇದೇ ಊರಿನಲ್ಲಿ, ಇದೇ ಏಳನೇ ತಿಂಗಳಿನಲ್ಲಿ, ನನ್ನ ಮೊದಲ ಬಸಿರಿನ ಕೊನೆ ಹೀಗೆ ಎರಡನೇ ಸಲ ಪಟ್ಟಿ ಕಟ್ಟುವುದರಿಂದಲೇ ಶುರುವಾಗಿತ್ತು.

ಆ ಮೊದಲನೆಯದರ ಸಂಗತಿಯನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಹೊಟ್ಟೆ ಕೊಯ್ದು ಕೂಸನ್ನು ತೆಗೆದರು, ತೆಗೆದ ಕೂಡಲೇ ಗಾಜಿನ ಪೆಟ್ಟಿಗೆಗೆ ಒಯ್ದರು. ನಾನು ಗೋಡೆ ಹಿಡಿದು ನಡೆಯುವಂತಾದ ಮೇಲೆ ಒಂದು ಕಿಟಕಿಯ ಈಚೆ ನಿಲ್ಲಿಸಿ, "ಆ ಮೂಲ್ಯಾಗಿಂದು ನಿಮ್ಮದು" ಎಂದು ಬೆರಳು ತೋರಿಸಿದರು. ಕಿಟಕಿಯ ಗಾಜಿನಾಚೆ ಪೆಟ್ಟಿಗೆಯ ಗಾಜು, ಅದರೊಳಗೆ ನಳಿಗೆಗಳು, ನಳಿಗೆಗಳ ನಡುವೆ ನನ್ನ ಅಂಗೈಗಿಂತ ಸಣ್ಣ ಮುಖ. ಒಮ್ಮೆ ಎತ್ತಿಕೊಳ್ಳಲೇ ಎಂದು ಕೇಳಿದೆ. ಸೋಂಕು ಆಗುತ್ತದೆ ಎಂದರು ಸಿಸ್ಟರ್. ಸ್ವಲ್ಪ ಗಟ್ಟಿಯಾಗಲಿ, ಆಮೇಲೆ ನೋಡೋಣ ಎಂದರು ಡಾಕ್ಟರು. ಅತ್ತೆಯ ಕಡೆ ತಿರುಗಿದೆ. "ಬ್ಯಾಡವಾ, ಎತ್ತಿಕೊಂಡ್ರ ಮಾಯಾ ಹತ್ತತೈತಿ" ಎಂದರು ಅವರು. ಕೂಸು ಗಟ್ಟಿಯಾಗಲೇ ಇಲ್ಲ. ನನಗೆ ಸುದ್ದಿ ಹೇಳುವ ಹೊತ್ತಿಗೆ ಗಂಡ, ಮಾವ ಇಬ್ಬರೂ ಮಣ್ಣು ಮಾಡಿ ಬಂದು ಸ್ನಾನವನ್ನೂ ಮುಗಿಸಿದ್ದರು. ನನ್ನ ಮನಸ್ಸಿಗೆ ನೋವಾಗಬಾರದೆಂದು ಹಾಗೆ ಮಾಡಿದರಂತೆ. ನನ್ನ ಮನಸ್ಸನ್ನು ಕಾಯುವ ಇವರ ಉಪಾಯಗಳನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಈ ಸಲವೂ ಅದೇ ದೊಡ್ಡಾಸ್ಪತ್ರೆ. ಕಮರಿಪೇಟೆಯ ನಮ್ಮ ಮನೆಯಿಂದ ಆಟೋದಲ್ಲಿ ಬರುವಾಗ ಇನ್ನೂ ಹಾಲಿನವರು ಮಾತ್ರ ಎದ್ದಿದ್ದರು. ಗಂಡ ಮುಂದೆ ಡ್ರೈವರನ ಪಕ್ಕ ಅರ್ಧ ಸೀಟಿನಲ್ಲಿ ಕೂತು ಪ್ರತಿ ಕುಳಿಗೂ "ಸಾವಕಾಶ, ಸಾವಕಾಶ" ಎನ್ನುತ್ತಿದ್ದ. ಅತ್ತೆ ನನ್ನ ಪಕ್ಕದಲ್ಲಿದ್ದರು. ತಲೆಯ ಮೇಲೆ ಸೆರಗು, ಹಣೆಯ ಮೇಲೆ ನಿನ್ನೆಯ ವಿಭೂತಿ. ಎದ್ದ ಕೂಡಲೇ ಹೊರಟು ಬಂದಿದ್ದರಿಂದ ಅವರ ಸ್ನಾನ ಆಗಿರಲಿಲ್ಲ, ಪೂಜೆ ಆಗಿರಲಿಲ್ಲ. ಅದು ಅವತ್ತು ನನ್ನ ತಲೆಗೆ ಹೊಳೆಯಲಿಲ್ಲ. ನನಗೆ ನನ್ನದೇ ಸಾಕಾಗಿತ್ತು.

ಅತ್ತೆಯ ಬಗ್ಗೆ ಇಷ್ಟು ಹೇಳಬೇಕು. ತವರು ಉಪ್ಪಿನಬೆಟಗೇರಿ, ಹೊಲ ಮನೆ ಇದ್ದ ದೊಡ್ಡ ಮನೆತನ. ಕೊರಳಲ್ಲಿ ಶಿವದಾರ, ಅದರ ತುದಿಯಲ್ಲಿ ಬೆಳ್ಳಿಯ ಕರಡಿಗೆ, ಕರಡಿಗೆಯೊಳಗೆ ಲಿಂಗ. ಮುಂಜಾನೆ ಲಿಂಗವನ್ನು ಎಡಗೈ ಅಂಗೈ ಮೇಲಿಟ್ಟುಕೊಂಡು ಪೂಜೆ ಮಾಡಿದ ಮೇಲೆಯೇ ಅವರ ಬಾಯಿಗೆ ನೀರು. ಜ್ವರ ಬಂದರೂ ಅಷ್ಟೇ, ಮದುವೆ ಮನೆಯಾದರೂ ಅಷ್ಟೇ, ರೈಲಿನಲ್ಲಿದ್ದರೂ ಅಷ್ಟೇ. ಮೊದಲನೇ ಕೂಸು ಹೋದಾಗ ಅವರು ಅತ್ತದ್ದನ್ನು ನಾನು ಕಾಣಲಿಲ್ಲ. ಕೂಸು ಕೊರಳಿಗೆ ಲಿಂಗ ಕಟ್ಟಿಸಿಕೊಳ್ಳದೆ ಹೋಯಿತಲ್ಲ ಎಂದು ಅಯ್ಯನವರ ಮುಂದೆ ಹೇಳಿಕೊಂಡದ್ದನ್ನು ಮಾತ್ರ ಬಾಗಿಲ ಮರೆಯಿಂದ ಕೇಳಿದ್ದೆ. ಅವರಿಗೆ ಲಿಂಗ ಕಟ್ಟದ ಚಿಂತೆ, ನನಗೆ ಎತ್ತಿಕೊಳ್ಳದ ಚಿಂತೆ. ಒಂದೇ ಮನೆಯಲ್ಲಿ ಒಂದೇ ಕೂಸಿಗೆ ಇಬ್ಬರೂ ಬೇರೆ ಬೇರೆ ದುಃಖ ಪಟ್ಟೆವು.

ಆಪರೇಷನ್ ಆಯಿತು. ಗಂಡುಕೂಸು. ಅಳಲಿಲ್ಲ, ಬೆಕ್ಕಿನ ಮರಿಯ ಹಾಗೆ ಒಂದು ಸದ್ದು ಮಾಡಿತು ಅಷ್ಟೇ. ನನ್ನ ಕಣ್ಣ ಮುಂದೆಯೇ ಬಟ್ಟೆಯಲ್ಲಿ ಸುತ್ತಿ ಹೊರಗೆ ಒಯ್ದರು. ಒಯ್ಯುವವರ ಬೆನ್ನು ನೋಡುತ್ತ ನಾನು ಒಂದೇ ಮಾತು ಅಂದುಕೊಂಡೆ: ಮುಗೀತು, ಮತ್ತೆ ಗಾಜಿನ ಪೆಟ್ಟಿಗೆ. ಮುಂದಿನದೆಲ್ಲ ನನಗೆ ಬಾಯಿಪಾಠವಾಗಿತ್ತು. ಕಿಟಕಿ, ಬೆರಳು, ಮೂಲೆ, ಆಮೇಲೆ ಗಂಡನ ಒದ್ದೆ ತಲೆ.

ನನ್ನನ್ನು ಬಿ.ಪಿ. ಇಳಿಯುವ ತನಕ ಬೇರೆ ಕೋಣೆಯಲ್ಲಿಟ್ಟಿದ್ದರು. ಫಿಟ್ಸ್ ಬರಬಾರದೆಂದು ಕೈಯ ನರಕ್ಕೆ ಹಚ್ಚಿದ ಔಷಧಿಯಿಂದ ಮೈಯೆಲ್ಲ ಕಾದ ಹಂಚಿನಂತೆ ಸುಡುತ್ತಿತ್ತು. ಆಗ ಮಕ್ಕಳ ಡಾಕ್ಟರು ಬಂದರು. ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಧಾರವಾಡದ ಮಾತು, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು.

"ನೋಡ್ರಿ ಟೀಚರ್," ಎಂದರು, "ಕೂಸಿನ ಮೂಗಿಗೆ ಉಸಿರಿಂದು ಸಣ್ಣ ನಳಿಗಿ ಹಾಕೇವಿ. ಆದ್ರ ಪೆಟಗ್ಯಾಗ ಇಡಂಗಿಲ್ಲ. ಯಾರರೆ ಒಬ್ರು ಬರಿ ಎದಿಮ್ಯಾಲೆ ಹಾಕ್ಕೊಂಡು ಕೂಡ್ಬೇಕು. ಈಗಿಂದಽ. ನೀವು ಸುಧಾರಿಸೂತನಕ ಬ್ಯಾರೆ ಹೆಣ್ಮಕ್ಕಳಾದ್ರೂ ನಡೀತೈತಿ."

"ಇಷ್ಟು ಸಣ್ಣದನ್ನ? ಗಟ್ಟಿ ಆಗೋಕ್ಕಿಂತ ಮೊದಲಽ?"

"ಗಟ್ಟಿ ಆಗೂತನಕ ಕಾಯಬಾರದು ಅಂತ ಈಗ ಗೊತ್ತಾಗೈತ್ರಿ. ನಮ್ಮಂಥಾ ದೇಶದ ದವಾಖಾನ್ಯಾಗಽ ಪರೀಕ್ಷಾ ಮಾಡಿ ನೋಡ್ಯಾರ. ಹುಟ್ಟಿದ ಕೂಡ್ಲೇ ಎದಿಗೆ ಹಾಕಿದ ಮಕ್ಕಳು ಹೆಚ್ಚು ಉಳಿತಾವ. ಮೊದಲು ನಾವು ಉಲ್ಟಾ ಮಾಡ್ತಿದ್ವಿ, ಗಟ್ಟಿ ಆದ ಮ್ಯಾಲೆ ಕೊಡ್ತಿದ್ವಿ."

"ಮೊದಲು ಅಂದ್ರ ಯಾವಾಗರಿ?"

ಅವರಿಗೆ ನನ್ನ ದನಿಯಲ್ಲಿ ಏನೋ ಕೇಳಿಸಿರಬೇಕು. ಕೈಯಲ್ಲಿದ್ದ ಪೆನ್ನಿನ ಟೊಪ್ಪಿಗೆ ಹಾಕಿದರು. "ಕೆಲವು ವರ್ಷದ ಹಿಂದಿನ ತನಕ" ಎಂದರು.

"ನನ್ನ ಮೊದಲನೇ ಕೂಸು ಇಲ್ಲೇ ಪೆಟಗ್ಯಾಗ ಹೋತ್ರಿ. ಒಮ್ಮೆ ಕೊಡ್ರಿ ಅಂತ ಕೇಳಿದ್ದೆ. ಕೊಟ್ಟಿದ್ರ ಉಳೀತಿತ್ತೇನು?"

"ಹಂಗ ಹೇಳಾಕ ಬರಂಗಿಲ್ರಿ. ಸಂಶೋಧನಾ ಬಹಳ ಮಕ್ಕಳದು ಹೇಳ್ತೈತಿ. ಒಂದು ಕೂಸಿಂದು ಹೇಳಂಗಿಲ್ಲ."

"ನನ್ನ ಕಡೆ ಬಹಳ ಮಕ್ಕಳಿರಲಿಲ್ರಿ. ಒಂದಽ ಇತ್ತು."

ನನ್ನ ಸಿಟ್ಟಿಗೆ ಆ ಹುಡುಗಿ ಹೊಣೆಯಲ್ಲ, ಆಗ ಆಕೆ ಇನ್ನೂ ಕಾಲೇಜಿನಲ್ಲಿದ್ದಿರಬೇಕು. ಆದರೆ ಸಿಟ್ಟಿಗೆ ಅದೆಲ್ಲ ಎಲ್ಲಿ ತಿಳಿಯುತ್ತದೆ? ಡಾಕ್ಟರು ಹೇಳಿದ್ದನ್ನೇ ನಾನೂ ಸಾಲಿಯಲ್ಲಿ ಮಕ್ಕಳಿಗೆ ಹೇಳಿಕೊಡುತ್ತೇನೆ. ವಿಜ್ಞಾನ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ, ಅದೇ ಅದರ ದೊಡ್ಡತನ ಎಂದು ಹಲಗೆಯ ಮೇಲೆ ಬರೆದು ಗೆರೆ ಎಳೆಯುತ್ತೇನೆ. ತಿದ್ದುವುದಕ್ಕೆ ಮೊದಲು ಆ ತಪ್ಪಿನೊಳಗೆ ಇದ್ದವರು ಏನಾದರು ಎಂದು ಇಷ್ಟು ವರ್ಷದಲ್ಲಿ ಒಬ್ಬ ಹುಡುಗಿಯೂ ಕೇಳಿಲ್ಲ, ನಾನೂ ಹೇಳಿಲ್ಲ.

ನನ್ನ ತಾಯಿ ತೀರಿಕೊಂಡಿದ್ದರು. ಅಕ್ಕತಂಗಿಯರಿಲ್ಲ. ಗಂಡ "ನಾ ಹಾಕ್ಕೋತೇನ್ರಿ, ನಂದೂ ಎದಿ ಅಲ್ಲೇನು" ಎಂದು ಅಲ್ಲೇ ಅಂಗಿಯ ಗುಂಡಿಗೆ ಕೈ ಹಾಕಿದ. ಆದರೆ ಆ ಕೋಣೆಯ ತುಂಬ ಬಾಣಂತಿಯರು ಸೆರಗಿಲ್ಲದೆ ಕೂತಿರುತ್ತಾರೆ, ನಡುವೆ ಪರದೆಯೂ ಇಲ್ಲ, ಗಂಡಸರಿಗೆ ಬಾಗಿಲ ತನಕ ಮಾತ್ರ. ಎಪಿಎಂಸಿಯ ಅಡತಿ ಅಂಗಡಿಯಲ್ಲಿ ಹತ್ತಿ ವ್ಯಾಪಾರಿಗಳ ಮೇಲೆ ದನಿ ಏರಿಸುವ ಮನುಷ್ಯ ಬಾಗಿಲಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಿಂತನಂತೆ. ಹೀಗಾಗಿ ಅತ್ತೆಯ ಪಾಳಿ ಬಂತು.

ಅಲ್ಲಿ ನಡೆದದ್ದನ್ನು ನಾನು ಕಣ್ಣಾರೆ ಕಾಣಲಿಲ್ಲ, ಆ ಕೋಣೆಯ ಹಿರಿಯ ಸಿಸ್ಟರ್ ಆಮೇಲೆ ಹೇಳಿದರು. ಅವರು ಧಾರವಾಡದ ಕ್ರೈಸ್ತ ಮನೆತನದವರು, ಅವರ ಅಜ್ಜಿಯೂ ಮಿಷನ್ ದವಾಖಾನೆಯಲ್ಲಿ ಸೂಲಗಿತ್ತಿಯಾಗಿದ್ದರಂತೆ. ಅತ್ತೆಗೆ ಸ್ನಾನ ಮಾಡಿಸಿ, ಮುಂದೆ ತೆರೆಯುವ ಹಸಿರು ಅಂಗಿ ತೊಡಿಸಿ, "ಅಮ್ಮಾರ, ಕೊರಳಾಗಿಂದು ತಗದಿಡ್ರಿ" ಎಂದರು. ಅತ್ತೆ ಮಂಗಳಸೂತ್ರ ತೆಗೆದರು. ಕರಡಿಗೆಗೆ ಕೈ ಹಚ್ಚಲು ಬಿಡಲಿಲ್ಲ.

"ಇದನ್ನ ತಗಿಯಾಕ ಬರಂಗಿಲ್ಲ ತಂಗಿ. ಇದು ಮೈ ಬಿಟ್ಟು ದೂರಾದ್ರ ನಾ ಇದ್ದೂ ಸತ್ತಂಗ."

"ಕೂಸಿನ ಎದಿಗೆ ಒತ್ತತೈತ್ರಿ ಅಮ್ಮಾರ. ಬೆಳ್ಳಿ ಥಂಡಿ ಇರ್ತೈತಿ."

ಸಿಸ್ಟರಿಗೆ ಬೈಯಲು ಮನಸ್ಸಾಗಲಿಲ್ಲ. ಕೊನೆಗೆ ಅತ್ತೆಯೇ ದಾರಿ ಹುಡುಕಿದರು. ಲಿಂಗ ಎದೆಯ ಮೇಲೇ ಇರಬೇಕೆಂದಿಲ್ಲ, ತಲೆಯ ಮೇಲೂ ಧರಿಸಬಹುದು. ಶಿವದಾರವನ್ನು ಬಿಚ್ಚಿ, ಕರಡಿಗೆಯನ್ನು ತುರುಬಿಗೆ ಕಟ್ಟಿಕೊಂಡರು. ಮೇಲೆ ಆಸ್ಪತ್ರೆಯ ಹಸಿರು ಟೊಪ್ಪಿಗೆ. ಟೊಪ್ಪಿಗೆ ಒಂದು ಕಡೆ ಉಬ್ಬಿ ನಿಂತಿತ್ತು, ನೋಡಿದವರೆಲ್ಲ ಇವರಿಗೆ ತಲೆಗೇ ಆಪರೇಷನ್ ಆಗಿದೆ ಅಂದುಕೊಂಡರು ಎಂದು ಸಿಸ್ಟರ್ ನಕ್ಕರು. ನಾನೂ ನಕ್ಕೆ, ಆದರೆ ಅದು ಎಷ್ಟೋ ದಿನದ ಮೇಲಿನ ನಗು.

ಕೂಸಿಗೆ ಲಂಗೋಟಿ, ಟೊಪ್ಪಿಗೆ, ಕಾಲುಚೀಲ ಬಿಟ್ಟರೆ ಬೇರೆ ಬಟ್ಟೆಯಿಲ್ಲ. ಅದನ್ನು ಅತ್ತೆಯ ಎದೆಯ ನಡುವೆ ನೆಟ್ಟಗೆ ಮಲಗಿಸಿ, ಕೈಕಾಲು ಕಪ್ಪೆಯಂತೆ ಮಡಚಿಸಿ, ಉದ್ದನೆಯ ಬಟ್ಟೆಯಿಂದ ಇಬ್ಬರನ್ನೂ ಸುತ್ತಿ ಕಟ್ಟಿದರು. ಒರಗು ಕುರ್ಚಿಯಲ್ಲಿ ಕೂಡಿಸಿದರು. ಸಿಸ್ಟರ್ ಹೇಳಿದ ಮಾತು ಒಂದೇ: "ಇಳಿಸಬ್ಯಾಡ್ರಿ ಅಮ್ಮಾರ. ಇಳಿಸಿದ್ರ ಥಂಡಿ ಆಗ್ತೈತಿ."

ಅತ್ತೆ ಆ ಮಾತನ್ನು ವ್ರತ ಹಿಡಿದಂತೆ ಹಿಡಿದರು.

ಮುಂಜಾನೆ ಚಹಾ ಬಂತು. ಬೇಡವೆಂದು ಕೈಯಾಡಿಸಿದರು. ನಾಷ್ಟಾ ಬಂತು, ತಲೆಯಾಡಿಸಿದರು. ಹೊರಗಿನದನ್ನು ತಿನ್ನುವವರಲ್ಲ ಇರಬೇಕು ಎಂದುಕೊಂಡು ಸಿಸ್ಟರ್ ಸುಮ್ಮನಾದರು. ಗಂಡ ಬಾಗಿಲಿನಿಂದ ನೀರಿನ ಬಾಟಲಿ ಕೊಟ್ಟು ಕಳಿಸಿದ. ಅದು ಕುರ್ಚಿಯ ಪಕ್ಕದಲ್ಲಿ ಹಾಗೇ ಇತ್ತು. ಪೂಜೆ ಆಗಿರಲಿಲ್ಲವಲ್ಲ! ಪೂಜೆಗೆ ಎಡಗೈ ಬೇಕು, ಎಡಗೈ ಕೂಸಿನ ಬೆನ್ನ ಮೇಲಿತ್ತು. ಕೂಸನ್ನು ಇಳಿಸಿದರೆ ಥಂಡಿ. ಲಿಂಗ ತಲೆಯ ಮೇಲಿದೆ, ಕೂಸು ಎದೆಯ ಮೇಲಿದೆ, ಎರಡರ ನಡುವಿನ ಬಾಯಿ ಮುಚ್ಚಿಕೊಂಡೇ ಇತ್ತು. ಯಾರಿಗಾದರೂ ಹೇಳಿದ್ದರೆ ಅರ್ಧ ತಾಸು ಬೇರೊಬ್ಬರ ಎದೆಗೆ ಕೂಸನ್ನು ಕೊಡಿಸಿ ಬಿಡುಗಡೆ ಮಾಡುತ್ತಿದ್ದರು. ಹೇಳಲಿಲ್ಲ. ಸಕ್ಕರೆ ಕಾಯಿಲೆ ಇದ್ದ ಮುದುಕಿ, ಹಿಂದಿನ ರಾತ್ರಿಯ ಗುಳಿಗೆ ಹೊಟ್ಟೆಯಲ್ಲಿ, ಮೇಲೆ ಒಂದು ಹನಿ ನೀರಿಲ್ಲ. ಆ ಕೋಣೆಯನ್ನು ಮಕ್ಕಳಿಗಾಗಿ ಬೆಚ್ಚಗಿಟ್ಟಿದ್ದರು, ಸುಮ್ಮನೆ ನಿಂತವರಿಗೂ ಬೆವರು ಕಿತ್ತುಬರುತ್ತಿತ್ತು.

ಮಧ್ಯಾಹ್ನ ಅವರ ತಲೆ ಒಂದು ಕಡೆ ಜೋಲಿತು. ಮೈ ಕುರ್ಚಿಯಿಂದ ಕೆಳಗೆ ಜಾರಿತು. ಕಟ್ಟಿದ ಬಟ್ಟೆ ಬಿಡಲಿಲ್ಲ, ಅದಕ್ಕೇ ಕೂಸು ನೆಲಕ್ಕೆ ಬೀಳಲಿಲ್ಲ. ಆದರೆ ಅತ್ತೆಯ ಗದ್ದ ಅದರ ಮುಖದ ಮೇಲೆ ಒತ್ತಿತು, ಮೂಗಿನ ನಳಿಗೆ ಕಳಚಿತು. ಸಿಸ್ಟರ್ ಓಡಿಬಂದು ಬಟ್ಟೆ ಬಿಚ್ಚುವ ಹೊತ್ತಿಗೆ ಕೂಸು ನೀಲಿಯಾಗಿತ್ತು.

ಇದನ್ನು ಮಾತ್ರ ನನಗೆ ಮೊದಲು ಹೇಳಿದ್ದು ಗಂಡ. ಸುಳ್ಳು ಹೇಳಲು ಬರದ ಮನುಷ್ಯ. ಬಂದು ನನ್ನ ಮಂಚದ ಕಂಬಿ ಹಿಡಿದು, "ಏನೂ ಆಗಿಲ್ಲ, ಈಗ ಛಲೋ ಐತಿ" ಎಂದ. ಯಾರೂ ಏನೂ ಕೇಳದೆ ಇರುವಾಗ "ಏನೂ ಆಗಿಲ್ಲ" ಎಂದರೆ ಎಲ್ಲ ಆಗಿದೆ ಎಂದೇ ಅರ್ಥ.

"ಏನಾತು?"

"ಅವ್ವಗ ಚಕ್ಕರ್ ಬಂತು. ಕೂಸು ಸ್ವಲ್ಪ... ಸ್ವಲ್ಪ ನೀಲಿ ಆಗಿತ್ತು. ಈಗ ಉಸಿರಾಡಾಕತ್ತೈತಿ. ಪೆಟಗ್ಯಾಗ ಇಟ್ಟಾರ."

ಪೆಟ್ಟಿಗೆ ಎಂಬ ಮಾತು ಕೇಳಿದ್ದೇ ನನಗೆ ಏನಾಯಿತೋ. ಕೈಗೆ ಹಚ್ಚಿದ ಸಲೈನಿನ ಕಂಬವನ್ನೇ ಎಳೆದುಕೊಂಡು ಏಳಲು ಹೋದೆ. ಹೊಟ್ಟೆಯ ಹೊಲಿಗೆ ಹರಿದಂತಾಗಿ ಕಣ್ಣು ಕತ್ತಲಿಟ್ಟಿತು. ನರ್ಸುಗಳು ಬಂದು ಹಿಡಿದರು. ಡ್ಯೂಟಿಯಲ್ಲಿದ್ದ ಡಾಕ್ಟರ್ ಹುಡುಗ ಬಂದು, "ಮೇಡಂ, ನಿಮ್ಮ ಬಿ.ಪಿ. ಭಾಳ ಐತ್ರಿ. ಅಲ್ಲಿಗೆ ಕಳಿಸಿದಾಗ ಫಿಟ್ಸ್ ಬಂದ್ರ ಯಾರು ಜವಾಬ್ದಾರಿ?" ಎಂದ.

ನಾನು ಬೈದೆ. ಏನು ಬೈದೆ ಎಂದು ಇಲ್ಲಿ ಬರೆಯುವಂತಿಲ್ಲ, ನನ್ನ ವಿದ್ಯಾರ್ಥಿನಿಯರು ಓದಿಯಾರು. ಬೈಗುಳ ಮುಗಿದ ಮೇಲೆ ಅಳುತ್ತ ಕೈಮುಗಿದೆ. "ನಾ ಸತ್ರೂ ನಡೀತೈತ್ರಿ, ಪೆಟಗ್ಯಾಗಿಂದ ತಗೀರಿ. ತಂದು ನನ್ನ ಮ್ಯಾಲೆ ಹಾಕ್ರಿ. ಬರೇ ಒಂದು ತಾಸು. ಒಂದಽ ತಾಸು ಕೊಡ್ರಿ." ಪಕ್ಕದ ಮಂಚಗಳ ಹೆಣ್ಣುಮಕ್ಕಳು ಹೊಟ್ಟೆ ಹಿಡಿದುಕೊಂಡು ಎದ್ದು ಕೂತು ನೋಡುತ್ತಿದ್ದರು. ಗಂಡ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ.

ಮಕ್ಕಳ ಡಾಕ್ಟರು ಬಂದರು. ಡ್ಯೂಟಿ ಹುಡುಗನಿಗೂ ಅವರಿಗೂ ಬಾಗಿಲಲ್ಲಿ ವಾದವಾಯಿತು. ತಾಯಿ ಕೂಸು ಇಬ್ಬರಿಗೂ ಆರಾಮಿಲ್ಲದಿದ್ದರೂ ಒಂದೇ ಕಡೆ ಇಟ್ಟು ಇಬ್ಬರನ್ನೂ ನೋಡಿಕೊಳ್ಳಬೇಕು, ಈಗಿನ ತಿಳಿವಳಿಕೆ ಅದೇ ಹೇಳುತ್ತದೆ ಎಂದು ಅವರು. ಆದರೆ ಹಾಗೆ ಇಡುವ ವಾರ್ಡು ಇನ್ನೂ ಕಟ್ಟಿಲ್ಲವಲ್ಲ ಮೇಡಂ ಎಂದು ಆತ. ಇಬ್ಬರ ಮಾತೂ ಖರೇನೇ. ತಿಳಿವಳಿಕೆ ಎಲ್ಲಿಂದಲೋ ಹಾರಿ ಬಂದುಬಿಡುತ್ತದೆ, ಗೋಡೆ ಕಟ್ಟುವುದಕ್ಕೆ ಮಾತ್ರ ಗೌಂಡಿಯೇ ಬರಬೇಕು. ಕೊನೆಗೆ ಡಾಕ್ಟರು, "ಕಾಟ್ ಸಮೇತ ದಬ್ಬಿಕೊಂಡು ನಡೀರಿ, ಜವಾಬ್ದಾರಿ ನಂದು" ಎಂದರು.

ದಬ್ಬಿಕೊಂಡು ಹೋದರು. ಮಂಚದ ಒಂದು ಗಾಲಿ ಕಿರುಗುಟ್ಟುತ್ತಿತ್ತು. ಗಂಡ ಬಾಗಿಲ ತನಕ ಸಲೈನ್ ಹಿಡಿದು ಬಂದ, ಅಲ್ಲಿಂದ ಸಿಸ್ಟರ್ ಹಿಡಿದರು. ಮೂಲೆಯ ಮಂಚದ ಮೇಲೆ ಅತ್ತೆ ಮಲಗಿದ್ದರು, ಅವರ ಕೈಗೂ ಗ್ಲೂಕೋಸ್ ಹಚ್ಚಿದ್ದರು. ಬಾಯಲ್ಲಿ ಕುಡಿಯುವುದಿಲ್ಲ ಎಂದವರಿಗೆ ರಕ್ತದಲ್ಲೇ ಕುಡಿಸಿದ್ದರು. ನನ್ನನ್ನು ನೋಡಿ ಮುಖ ಆ ಕಡೆ ತಿರುಗಿಸಿದರು.

ನನ್ನ ಅಂಗಿಯ ಮುಂಭಾಗ ಬಿಚ್ಚಿದರು. ಕೂಸನ್ನು ಹಾಕಿದರು.

ಎಷ್ಟು ಹಗುರ ಎಂದು ಹೇಳಬೇಕೆಂದರೆ ನನಗೆ ಮಾತು ಸಾಲುವುದಿಲ್ಲ. ಮೈ ತಣ್ಣಗಿತ್ತು. ಒಂದು ಕೈ ತೆರೆದು ನನ್ನ ಚರ್ಮವನ್ನು ಹಿಡಿಯಿತು. ಔಷಧಿಯಿಂದ ಸುಡುತ್ತಿದ್ದ ನನ್ನ ಮೈ ಅವತ್ತು ಮೊದಲ ಸಲ ಉಪಯೋಗಕ್ಕೆ ಬಂತು. ಸಿಸ್ಟರ್ ಅದರ ಅಂಗಾಲು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ನಾನು ಉಸಿರು ಬಿಗಿಹಿಡಿದಿದ್ದೆ, ನನ್ನ ಎದೆ ಏರಿಳಿದರೆ ಅದು ಜಾರುತ್ತದೇನೋ ಎಂದು. "ಉಸಿರಾಡ್ರಿ," ಎಂದರು ಸಿಸ್ಟರ್, "ನೀವು ಉಸಿರಾಡೂದನ್ನ ಕೇಳಿ ಅದೂ ಕಲೀತೈತಿ."

ಆ ಮಧ್ಯಾಹ್ನ ಅದು ಎರಡು ಸಲ ಉಸಿರು ಮರೆಯಿತು. ಮಷಿನ್ ಕೂಗಿತು. ಎರಡು ಸಲವೂ ಬೆನ್ನು ಸವರಿದರೆ ನೆನಪು ಮಾಡಿಕೊಂಡು ಉಸಿರಾಡಿತು. ದೇವರಲ್ಲಿ ಬೇಡಿಕೊಳ್ಳುವುದು ನನಗೆ ರೂಢಿಯಿಲ್ಲ. ಅವತ್ತು ಯಾರ್‍ಯಾರನ್ನೋ ಬೇಡಿಕೊಂಡೆ. ಡಾಕ್ಟರನ್ನು, ಸಿಸ್ಟರ ಯೇಸುವನ್ನು, ಅತ್ತೆಯ ತುರುಬಿನಲ್ಲಿದ್ದ ಶಿವನನ್ನು, ಆ ಸಂಶೋಧನೆ ಮಾಡಿದ ಗೊತ್ತಿಲ್ಲದ ಜನರನ್ನು. ಹೆಚ್ಚು ಉಳಿಯುತ್ತವೆ ಎಂದಿದ್ದೀರಲ್ಲ, ಆ ಹೆಚ್ಚಿನೊಳಗೆ ಇದನ್ನೂ ಸೇರಿಸಿಕೊಳ್ಳಿ ಎಂದೆ.

ಸೇರಿಸಿಕೊಂಡರು. ಒಂದೇ ದಿನದಲ್ಲಿ ಅಲ್ಲ, ಸಲೀಸಾಗಿಯೂ ಅಲ್ಲ. ಮೂಗಿನ ನಳಿಗೆ ಹೋಯಿತು, ಮತ್ತೆ ಬಂತು, ಮತ್ತೆ ಹೋಯಿತು. ಸೋಂಕು ಬಂತು, ವಾಸಿಯಾಯಿತು. ಹಿಂಡಿದ ಹಾಲನ್ನು ನಳಿಗೆಯಲ್ಲಿ, ಆಮೇಲೆ ಒಳಲೆಯಲ್ಲಿ ಹಾಕಿದೆವು. ನಾನು ಮತ್ತು ಅತ್ತೆ ಪಾಳಿ ಹಚ್ಚಿಕೊಂಡು ಕೂತೆವು. ಈಗ ಅತ್ತೆ ಮುಂಜಾನೆ ಮೊದಲು ಪಡಸಾಲೆಯ ಮೂಲೆಯಲ್ಲಿ ಪೂಜೆ ಮುಗಿಸಿ, ನೀರು ಕುಡಿದು, ತಿಂಡಿ ತಿಂದು, ತುರುಬಿಗೆ ಕರಡಿಗೆ ಕಟ್ಟಿಕೊಂಡು ಬರುತ್ತಿದ್ದರು. ಸಿಸ್ಟರ್ ಅವತ್ತಿನಿಂದ ಒಂದು ಹೊಸ ರೂಢಿ ಹಾಕಿದ್ದರು. ಕೂಸು ಕಟ್ಟುವ ಮೊದಲು ಪ್ರತಿ ಹೆಣ್ಣುಮಗಳಿಗೂ "ಪೂಜಾ ಆತೇನ್ರಿ? ಇವತ್ತೇನರೆ ಉಪಾಸ ಐತೇನ್ರಿ? ರೋಜಾ ಹಿಡದೀರೇನ್ರಿ?" ಎಂದು ಕೇಳುವುದು. ಉತ್ತರ ಬಂದ ಮೇಲೆಯೇ ಬಟ್ಟೆ ಸುತ್ತುವುದು. ಯಾವ ದೇಶದ ಸಂಶೋಧನೆಯಲ್ಲೂ ಈ ಪ್ರಶ್ನೆ ಇದ್ದಿರಲಾರದು, ನಮ್ಮ ಅತ್ತೆ ಬಿದ್ದ ಮೇಲೆ ಹುಟ್ಟಿದ ಪ್ರಶ್ನೆ ಇದು.

ಆದರೆ ನನ್ನ ಹಾಳು ತಲೆ ಸುಮ್ಮನಿರಲಿಲ್ಲ. ಕೂಸು ಎದೆಯ ಮೇಲೆ ಮಲಗಿರುವಾಗ ಒಂದು ಕೈಯಲ್ಲಿ ಮೊಬೈಲ್ ಹಿಡಿದು ಓದುತ್ತಿದ್ದೆ. ಆ ಸಂಶೋಧಕರು ಪರೀಕ್ಷೆ ಮಾಡಿದ ಬಗೆ ಗೊತ್ತಾಯಿತು. ಕೆಲವು ತಾಯಂದಿರಿಗೆ ಹುಟ್ಟಿದ ಕೂಡಲೇ ಕೂಸನ್ನು ಕೊಟ್ಟರು. ಉಳಿದವರಿಗೆ ಆಗಿನ ಪದ್ಧತಿಯಂತೆ, ಗಟ್ಟಿಯಾದ ಮೇಲೆ. ಯಾರು ಯಾವ ಗುಂಪು ಎಂಬುದನ್ನು ಯಾರ ಇಚ್ಛೆಗೂ ಬಿಡದೆ ಚೀಟಿ ಎತ್ತಿದಂತೆ ಆರಿಸಿದ್ದರು. ಹಾಗೆ ಮಾಡದಿದ್ದರೆ ಖರೇ ಸಂಗತಿ ತಿಳಿಯುವುದಿಲ್ಲ, ಅದು ನನಗೆ ಅರ್ಥವಾಗುತ್ತದೆ. ಅದನ್ನೇ ಕಲಿಸುತ್ತೇನೆ ಕೂಡ. ಆದರೂ ಆ ಕಾದವರ ಗುಂಪಿನ ಮೇಲೇ ಕಣ್ಣು ನಿಲ್ಲುತ್ತಿತ್ತು. ನಾನು ಯಾವ ಅಧ್ಯಯನದಲ್ಲೂ ಇರಲಿಲ್ಲ. ನನಗಾಗಿ ಯಾರೂ ಚೀಟಿ ಎತ್ತಿರಲಿಲ್ಲ. ಆದರೂ ಮೊದಲ ಸಲ ನಾನು ಅದೇ ಗುಂಪಿನಲ್ಲಿದ್ದೆ.

ಹೀಗೆ ಒಂದು ಕೆಟ್ಟ ಲೆಕ್ಕ ಶುರುವಾಯಿತು. ಮುಂಜಾನೆ ತಕ್ಕಡಿಯಲ್ಲಿ ಕೂಸಿನ ತೂಕ ಏರಿದರೆ ಎಲ್ಲರ ಮುಖ ಅರಳುತ್ತಿತ್ತು, ನನ್ನದೂ. ಮರುಗಳಿಗೆಗೆ ಅನಿಸುತ್ತಿತ್ತು: ನೋಡು, ಇಷ್ಟೇ ಬೇಕಾಗಿತ್ತು. ಒಂದು ಎದೆ, ಒಂದು ಬಟ್ಟೆ. ಅದೂ ನನ್ನ ಹತ್ತಿರ ಇತ್ತು. ಇದು ಚೇತರಿಸಿಕೊಂಡಷ್ಟೂ ಮೊದಲನೆಯದು ಸುಮ್ಮನೆ ಸತ್ತಿತು ಎಂಬುದು ಖಾತ್ರಿಯಾಗುತ್ತಿತ್ತು. ಮಗ ಕಣ್ಣು ತೆರೆದು ನನ್ನನ್ನು ನೋಡಿದ ದಿನ ನಾನು ಅತ್ತದ್ದನ್ನು ನೋಡಿ ಸಿಸ್ಟರ್ ಖುಷಿಯ ಅಳು ಎಂದುಕೊಂಡರು. ಬಗಲಿನ ಕುರ್ಚಿಯಲ್ಲಿದ್ದ ಅತ್ತೆ ಮಾತ್ರ ನನ್ನನ್ನೇ ನೋಡುತ್ತಿದ್ದರು. ಏನೂ ಕೇಳಲಿಲ್ಲ. ಕೇಳಿದ್ದರೆ ಬಾಯಿಗೆ ಬಂದದ್ದು ಹೇಳಿಬಿಡುತ್ತಿದ್ದೆ.

ಮನೆಗೆ ಕಳಿಸುತ್ತೇವೆ ಎಂದ ದಿನ ಬೆಳಿಗ್ಗೆ ಆ ಕೋಣೆಗೆ ಹೊಸಬಳು ಬಂದಳು. ಸುಳ್ಳ ಎಂಬ ಹಳ್ಳಿಯ ಹುಡುಗಿ, ಇಪ್ಪತ್ತರ ಆಸುಪಾಸು. ಅವಳ ಕೂಸು ನನ್ನದಕ್ಕಿಂತ ಚಿಕ್ಕದು. ಸಿಸ್ಟರ್ ಕೂಸನ್ನು ಬಟ್ಟೆಯಲ್ಲಿ ಹಿಡಿದುಕೊಂಡು ನಿಂತಿದ್ದರು, ಅವಳು ಎರಡೂ ಕೈಯಿಂದ ಅಂಗಿಯ ಮುಂಭಾಗವನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

"ಒಲ್ಲೆರಿ ಸಿಸ್ಟರ್. ನನ್ನ ಕೈಯಾಗ ಏನರೆ ಆದ್ರ? ಪೆಟಗ್ಯಾಗಽ ಇಡ್ರಿ. ನಮ್ಮವ್ವನೂ ಬ್ಯಾಡ ಅಂದಾಳ."

ಅವಳ ತಾಯಿ ಬಾಗಿಲಲ್ಲಿ ನಿಂತು, "ಉಳಿಯೂದೋ ಇಲ್ಲೋ, ಯಾಕ ಸುಮ್ಮನ ಆಕೀಗೆ ಹಚ್ಚಿಕೊಳ್ಳಾಕ ಹಚ್ತೀರಿ" ಎನ್ನುತ್ತಿದ್ದಳು.

ಸಿಸ್ಟರ್ ನನ್ನ ಕಡೆ ನೋಡಿದರು. "ನೀವರೆ ಒಂದು ಮಾತು ಹೇಳ್ರಿ ಟೀಚರ್." ಹೇಳಬೇಕಾದದ್ದೆಲ್ಲ ನನಗೆ ಗೊತ್ತಿತ್ತು. ಎದೆಯ ಕಾವು, ಉಸಿರು, ಸೋಂಕು, ಅಷ್ಟನ್ನೂ ಓದಿದ್ದೆ. ಪಾಠದ ದನಿಯಲ್ಲಿ ಶುರುಮಾಡಿದೆ. ಎರಡು ವಾಕ್ಯಕ್ಕೇ ಪಾಠ ನಿಲ್ಲಿಸಿ ಮಗನ ಟೊಪ್ಪಿಗೆ ಸರಿಮಾಡಿದೆ. ಹುಡುಗಿ ನನ್ನ ಎದೆಯ ಮೇಲೆ ಕಟ್ಟಿದ್ದ ಮಗನನ್ನು ನೋಡಿದಳು.

"ನಿಮ್ಮದು ಇದು ಮೊದಲನೇದೇನ್ರಿ ಅಕ್ಕಾರ?"

ಯಾರು ಹೀಗೆ ಕೇಳಿದರೂ ನಮ್ಮ ಮನೆಯವರು ಹೌದು ಎಂದೇ ಹೇಳುತ್ತ ಬಂದಿದ್ದರು. ಬೀಗರಿಗೆ, ನೆರೆಯವರಿಗೆ, ಹೆಸರು ಬರೆದುಕೊಳ್ಳಲು ಬಂದ ಆಶಾ ಕಾರ್ಯಕರ್ತೆಗೆ ಕೂಡ. ನನಗೂ ಅದು ರೂಢಿಯಾಗಿಬಿಟ್ಟಿತ್ತು. ಹೌದು ಎನ್ನಲು ಬಾಯಿ ತೆರೆದೆ. ದನಿ ನನ್ನ ಹಿಂದಿನಿಂದ ಬಂತು.

"ಎರಡನೇದವಾ," ಎಂದರು ಅತ್ತೆ.

ಗಂಟು ಕಟ್ಟುತ್ತಿದ್ದವರು ಕೈಯಲ್ಲಿದ್ದ ಅರಿವೆಗಳನ್ನು ಮಂಚದ ಮೇಲಿಟ್ಟು ಆ ಹುಡುಗಿಯ ಹತ್ತಿರ ಬಂದು ನಿಂತರು. "ಮೊದಲನೇದು ಹೆಣ್ಣು. ಹಿಂಗಽ ಸಣ್ಣದು ಹುಟ್ಟಿತ್ತು. ಎತ್ತಿಕೋತೇನಿ ಕೊಡ್ರಿ ಅಂತ ಈಕಿ ಎಲ್ಲಾರನ್ನೂ ಕೇಳಿದ್ಲು. ಡಾಕ್ಟರ್ರು ಆಮ್ಯಾಲೆ ಕೊಡ್ತೇವಿ ಅಂದ್ರು, ಅವರಿಗೆ ಆಗ ಗೊತ್ತಿರಲಿಲ್ಲ. ಮಾಯಾ ಹತ್ತತೈತಿ, ಬ್ಯಾಡ ಅಂದಾಕಿ ನಾನು."

ಹುಡುಗಿಯ ತಾಯಿ ಬಾಗಿಲು ಬಿಟ್ಟು ಒಂದು ಹೆಜ್ಜೆ ಒಳಗೆ ಬಂದಳು.

"ಮಾಯಾ ಹತ್ತೂದು ನಿಲ್ಲಲಿಲ್ಲ ಯವ್ವಾ," ಎಂದರು ಅತ್ತೆ. "ಎತ್ತಿಕೊಳ್ಳೂದು ಅಷ್ಟಽ ಆಗದಽ ಉಳೀತು."

ಅದು ಹೆಣ್ಣು ಎಂದು ಆಸ್ಪತ್ರೆಯವರು ಹೇಳಿದ್ದು ಬಿಟ್ಟರೆ ನಮ್ಮ ಮನೆಯ ಯಾರ ಬಾಯಿಂದಲೂ ನಾನು ಅಲ್ಲಿಯ ತನಕ ಕೇಳಿರಲಿಲ್ಲ. ನನಗೆ ಅಳು ಬಂತು, ಸಿಟ್ಟೂ ಬಂತು. ಇಷ್ಟು ವರ್ಷ ಬೇಕಾಯಿತೇ ಎಂದು ಅವರ ಭುಜ ಹಿಡಿದು ಅಲುಗಿಸಬೇಕೆನಿಸಿತು. ಎರಡೂ ಕೈ ಮಗನ ಬೆನ್ನ ಮೇಲಿದ್ದವು. ಹುಡುಗಿ ಖರೇನಾ ಎಂಬಂತೆ ನನ್ನ ಮುಖ ನೋಡಿದಳು. ಹೌದೆಂದು ತಲೆಯಾಡಿಸಿದೆ. ಅವಳು ಅಂಗಿಯ ಮೇಲಿನ ಹಿಡಿತ ಬಿಟ್ಟು, ಒಂದೊಂದೇ ಗುಂಡಿ ಬಿಚ್ಚಿ, ಸಿಸ್ಟರ ಕಡೆಗೆ ಕೈ ಚಾಚಿದಳು.